ಗುಜರಿಪಾದೆಯ ನೆಂಟರು

ನಮ್ಮೂರಲ್ಲಿ ಮೀನು ಕೊಯ್ಯುವ ಮೊದಲು ಅದರ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕು. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೆ ಹೇಳಿಕೊಡುವ ಮೊದಲ ಪಾಠವೇ ಇದು. ಉಪ್ಪಿನ ಭರಣಿ ಎಲ್ಲಿದೆ, ಹುಳಿ ಎಲ್ಲಿದೆ ಎನ್ನುವುದೆಲ್ಲ ಆಮೇಲೆ. ಮುಖ ನೋಡದೆ ಕೊಯ್ದು, ಮಸಾಲೆ ಅರೆದು, ಸಾರು ಕುದಿಸಿ ಬಡಿಸಿದಾಗ, ಮನೆಯ ಯಜಮಾನರು ತಟ್ಟೆಯಲ್ಲಿ ತಮ್ಮ ಸ್ವಂತ ಚಿಕ್ಕಪ್ಪನನ್ನು ಕಂಡು ಕೈ ತೊಳೆದು ಎದ್ದು ಹೋದ ಮನೆಗಳಿವೆ.

ಇದಕ್ಕೆಲ್ಲ ಕಾರಣ ಗುಜರಿಪಾದೆ. ಪಾದೆ ಅಂದರೆ ಬಂಡೆ. ಆದರೆ ನಮ್ಮ ಕಡಲಿನಲ್ಲಿ ಬಂಡೆಯೇ ಇರಲಿಲ್ಲ. ಎಷ್ಟು ದೂರ ಹೋದರೂ ತಳದಲ್ಲಿ ಬರೀ ಮರಳು. ನಿಂತು ಉಸಿರಾಡಲು ಒಂದು ಮರೆಯಿಲ್ಲದ ಮೇಲೆ ಮೀನುಗಳು ತಾನೇ ಏಕೆ ನಿಲ್ಲುತ್ತವೆ? ನಮ್ಮೂರನ್ನು ದಾಟಿ ಮುಂದಿನ ಊರಿಗೆ ಹೋಗುತ್ತಿದ್ದವು. ನಮ್ಮ ಅಜ್ಜಂದಿರು ಯೋಚಿಸಿ ಊರಿನ ಗುಜರಿಯನ್ನೆಲ್ಲ ದೋಣಿಯಲ್ಲಿ ಒಯ್ದು ಒಂದೇ ಜಾಗದಲ್ಲಿ ಮುಳುಗಿಸತೊಡಗಿದರು. ಒಡೆದ ಅರೆಯುವ ಕಲ್ಲು, ಬಿರುಕು ಬಿಟ್ಟ ಬಾವಿಯ ರಿಂಗು, ಕಬ್ಬಿಣದ ಮಂಚ, ಭಟ್ಟಿಯಲ್ಲಿ ಓರೆಯಾಗಿ ಬೆಂದ ಹೆಂಚು, ಎಂಜಿನ್ ಕಳಚಿದ ಆಟೋರಿಕ್ಷಾ, ಹೀಗೆ. ಎಣ್ಣೆ ಬಣ್ಣ ಎಲ್ಲ ಕೆರೆದು, ತೊಳೆದು, ಮದುಮಗಳನ್ನು ಕಳಿಸಿದ ಹಾಗೆ ಕಳಿಸುತ್ತಿದ್ದರಂತೆ. ಮೊದಲು ಪಾಚಿ ಹಿಡಿಯಿತು. ಪಾಚಿಯ ಮೇಲೆ ಚಿಪ್ಪುಗಳು ಕೂತವು. ಚಿಪ್ಪಿನ ಸಂದಿಗೆ ಏಡಿ, ಸಿಗಡಿ ಬಂದವು. ಅವನ್ನು ತಿನ್ನಲು ಕೆಂಬೇರಿ ಮೀನು ಬಂತು, ಕೆಂಬೇರಿಯ ಹಿಂದೆ ದೊಡ್ಡ ಬಾಯಿಯ ಮುರುಮೀನು ಬಂದು ಬಾವಿಯ ರಿಂಗಿನೊಳಗೆ ಸಂಸಾರ ಹೂಡಿತು.

ಯಾವ ಮನೆಯ ಸಾಮಾನಿನಲ್ಲಿ ಮೀನು ವಾಸ ಮಾಡುತ್ತದೆಯೋ ಆ ಮನೆಯವರ ಚಹರೆ ಅದಕ್ಕೆ ಬರುತ್ತದೆ. ಆಟೋ ಅಂತೋನಿಯ ರಿಕ್ಷಾದಲ್ಲಿರುವ ಮೀನುಗಳು ಅರ್ಧ ಮೈಯನ್ನು ಹೊರಗೆ ಹಾಕಿ ಓರೆಯಾಗಿಯೇ ಈಜುತ್ತವೆ. ಕ್ಷೌರದಂಗಡಿಯ ಕುರ್ಚಿಯ ಮೀನುಗಳಿಗೆ ತಲೆಯ ನಟ್ಟನಡುವೆ ಬೈತಲೆ. ನಾನು ಬಟ್ಟೆ ಹೊಲಿಯುವವಳು. ನನ್ನ ಹಳೆಯ ಮೆಷಿನಿನ ಕಬ್ಬಿಣದ ಕಾಲಿನಲ್ಲಿ ಸೇರಿಕೊಂಡಿರುವ ಸಣ್ಣ ಮೀನುಗಳು ಪಕ್ಕದಲ್ಲಿ ಹೋಗುವವರನ್ನೆಲ್ಲ ಮೇಲಿಂದ ಕೆಳಗೆ ಅಳತೆ ತೆಗೆಯುವ ಹಾಗೆ ನೋಡುತ್ತವೆ ಎಂದು ಮುಳುಗು ಹಾಕಿ ಬಂದವರು ಹೇಳುತ್ತಾರೆ. ಏಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಮಗುವಿಗೆ ಅಪ್ಪನ ಮೂಗು ಬಂದಿದೆ ಎಂದರೆ ಏಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಹೀಗಾಗಿ ನಮ್ಮಲ್ಲಿ ಒಂದು ಕಟ್ಟಳೆ. ನಿಮ್ಮ ಸಾಮಾನಿನ ಮೀನು ನಿಮ್ಮ ನೆಂಟ. ನೆಂಟನನ್ನು ನೀವು ತಿನ್ನುವಂತಿಲ್ಲ. ಬೇರೆಯವರು ತಿನ್ನಬಹುದು, ಆದರೆ ನಿಮ್ಮನ್ನು ಕೇಳಬೇಕು. ಬಲೆ ಹಾಕುವವನು ಬೆಳಗ್ಗೆ ನಿಮ್ಮ ಮನೆಯಂಗಳಕ್ಕೆ ಬಂದು, "ನಿಮ್ಮ ಕಡೆಯವರು ನಾಲ್ಕು ಜನರನ್ನು ಕರ್ಕೊಂಡು ಹೋಗ್ತೇನೆ" ಅನ್ನುತ್ತಾನೆ. ನೀವು, "ಹೋಗಿ ಬರ್ಲಿ" ಅನ್ನುತ್ತೀರಿ. ಅವರು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಹೇಳಬೇಕು. ನಾಳೆ ನಿಮಗೆ ಸಾರಿಗೆ ಬೇಕಾದಾಗ ನೀವು ಅವನಂಗಳಕ್ಕೆ ಹೋಗುತ್ತೀರಿ. ಇಲ್ಲ ಎಂದು ಯಾರೂ ಯಾರಿಗೂ ಅಂದದ್ದಿಲ್ಲ. ಪುರಂದರ ಮಾವ ಅನ್ನುವವರೆಗೆ.

ಪುರಂದರ ಮಾವ ನನ್ನ ದೊಡ್ಡತ್ತೆ ಇಂದಿರಳ ಗಂಡ. ಊರಿನ ಐಸ್ ಪ್ಲಾಂಟು ಅವರದು, ದೊಡ್ಡ ಬೋಟುಗಳೂ ಅವರದೇ. ಅವರ ಹುಬ್ಬುಗಳು ಮಾತ್ರ ಊರಿನಲ್ಲಿ ಬೇರೆ ಯಾರಿಗೂ ಇಲ್ಲ. ಎರಡು ಕಂಬಳಿಹುಳಗಳು ಎದುರಾಬದುರು ಬಂದು ಜಗಳಕ್ಕೆ ನಿಂತ ಹಾಗೆ ದಪ್ಪ, ಕಪ್ಪು. ಆ ವರ್ಷ ಅವರು ಐಸ್ ಪ್ಲಾಂಟನ್ನು ಹೊಸತು ಮಾಡಿಸಿದರು. ಹಳೆಯ ಟ್ಯಾಂಕುಗಳು, ಆಳೆತ್ತರದ ಕೊಳವೆಗಳು, ತುಕ್ಕು ಹಿಡಿದ ಒಂದು ಇಡೀ ಬೋಟು, ಎಲ್ಲವನ್ನೂ ಪಾದೆಗೆ ದಾನ ಮಾಡಿದರು. ದಾನದ ದಿನ ಬ್ಯಾಂಡಿನವರು ಬಂದಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದಾಗ ತಿಳಿಯಿತು, ಚಪ್ಪಾಳೆ ತಟ್ಟಬಾರದಿತ್ತು ಎಂದು. ದೊಡ್ಡ ಮನೆ ಕಂಡರೆ ಯಾರು ಬಿಡುತ್ತಾರೆ? ಪಾದೆಯ ಮುಕ್ಕಾಲು ಪಾಲು ಮೀನುಗಳು ಅರೆಯುವ ಕಲ್ಲು, ಮಂಚ, ಬಾವಿಯ ರಿಂಗುಗಳನ್ನು ಬಿಟ್ಟು ಮಾವನ ಟ್ಯಾಂಕಿಗೂ ಬೋಟಿಗೂ ಸಾಮಾನು ಸಾಗಿಸಿದ್ದವು. ಬಲೆ ಎಳೆದರೆ ಕೆಂಬೇರಿಗೂ ಹುಬ್ಬು, ಮುರುಮೀನಿಗೂ ಹುಬ್ಬು. ಏಡಿಗಳು ಕೂಡ ಮಾವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆಯಲು ನೋಡುತ್ತಿದ್ದವು.

ದೋಣಿಯ ಕೂಸಪ್ಪಣ್ಣ ಎಂದಿನಂತೆ ಮಾವನಂಗಳಕ್ಕೆ ಹೋಗಿ ಕೇಳಿದ. ಮಾವ ಪೇಪರಿನಿಂದ ತಲೆಯೆತ್ತದೆ, "ನಮ್ಮವರಿಗೆ ಈಗ ಪುರುಸೊತ್ತಿಲ್ಲ ಕೂಸಪ್ಪ" ಅಂದರು. ಮರುದಿನ ಹೋದವನಿಗೂ ಅದೇ ಉತ್ತರ. ಆ ವಾರವೇ ಮಾವನ ದೊಡ್ಡ ಬೋಟುಗಳು ಪಾದೆಯ ಸುತ್ತ ಬಲೆ ಬಿಟ್ಟವು, ಮೀನು ಐಸಿನಲ್ಲಿ ಮಲಗಿ ಲಾರಿ ಹತ್ತಿ ಘಟ್ಟದ ಮೇಲಕ್ಕೆ ಹೋಯಿತು.

ಆಗ ನನ್ನ ಚಿಕ್ಕತ್ತೆ ಎದ್ದಳು. ಚಂದು ಅವಳ ಹೆಸರು, ನಾನು ಚಂದತ್ತೆ ಅನ್ನುವುದು. ಇಂದಿರತ್ತೆಯ ಬೆನ್ನಿಗೆ ಹುಟ್ಟಿದವಳು. ಗಂಡ ತೀರಿಕೊಂಡ ಮೇಲೆ ಮೀನಿನ ಬುಟ್ಟಿ ತಲೆಗೇರಿಸಿದವಳು ಮತ್ತೆ ಇಳಿಸಿರಲಿಲ್ಲ. ಕೂಸಪ್ಪಣ್ಣನಂಥವರ ದೋಣಿಯಿಂದ ಕೊಂಡು ಮನೆಮನೆಗೆ ಮಾರುವುದು ಅವಳ ಕಸುಬು. ಅವಳು ಕೂಗಿದರೆ ಕೇರಿಯ ಬೆಕ್ಕುಗಳೆಲ್ಲ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಅವಳು ಅಕ್ಕನ ಮನೆಗೆ ಹೋದಳು. ಇಂದಿರತ್ತೆಯ ಮಗಳು ಪ್ರತಿಮಾಳಿಗೆ ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ರವಿಕೆಯ ಬಟ್ಟೆ ತರಲು ನಾನೂ ಜೊತೆಗೆ ಹೋಗಿದ್ದೆ.

"ಭಾವ, ನಿಮ್ಮ ಕಡೆಯವರು ನಾಲ್ಕು ಜನರನ್ನು ಕಳಿಸಿ. ನಾನು ಚಂದ ಮಾಡಿ ನೋಡಿಕೊಳ್ತೇನೆ" ಅಂದಳು.

"ನಮ್ಮವರನ್ನು ಬುಟ್ಟಿಯಲ್ಲಿ ಹಾಕಿ ಕೇರಿ ಕೇರಿ ತಿರುಗಿಸುದು ನನಗೆ ಸರಿ ಕಾಣುದಿಲ್ಲ ಚಂದು."

"ಲಾರಿಯಲ್ಲಿ ಹಾಕಿ ಕಳಿಸುದು ಸರಿ ಕಾಣ್ತದಾ?"

"ಅವರು ಪ್ರವಾಸ ಹೋಗುದು" ಅಂದರು ಮಾವ. ಮುಖದಲ್ಲಿ ನಗು ಇಲ್ಲ. "ಘಟ್ಟದ ಮೇಲಿನ ಹವೆ ಒಳ್ಳೆದಲ್ವಾ. ನೆಂಟರು ನನ್ನವರು. ಎಲ್ಲಿಗೆ ಕಳಿಸ್ಬೇಕು, ಯಾರ ಜೊತೆ ಕಳಿಸ್ಬೇಕು ನಾನು ನೋಡಿಕೊಳ್ತೇನೆ. ನಾನೇನು ಅವರನ್ನು ತಿನ್ನುದಿಲ್ಲವಲ್ಲ."

ಅದು ನಿಜವೇ ಆಗಿತ್ತು. ಕಟ್ಟಳೆಯ ಪ್ರಕಾರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚಂದತ್ತೆ ಎದ್ದು ಬಂದಳು. ದಾರಿಯಲ್ಲಿ ಗದ್ದೆಯಂಚು ಬಂದಾಗ, "ನೆಂಟರು ಅಂದ್ರಲ್ಲ, ನೀನು ಕೇಳಿದ್ದೀ ಅಲ್ವಾ?" ಅಂತ ಕೇಳಿದಳು. ಕೇಳಿದೆ ಅಂದೆ. "ಸರಿ ಹಾಗಾದ್ರೆ" ಅಂದಳು. ಅವಳ ನಡಿಗೆ ಅಲ್ಲಿಂದ ಹಗುರಾಯಿತು.

ಸ್ವಲ್ಪ ದಿನಕ್ಕೆ ಕಡಲು ಕೊಂಚ ಕೆಟ್ಟಿತು. ಮರುದಿನ ಬೆಳಗ್ಗೆ ದಡದಲ್ಲಿ ಒಂದು ಮುರುಮೀನು ಸತ್ತು ಬಿದ್ದಿತ್ತು. ಹುಬ್ಬು ಎರಡೂ ಸ್ಪಷ್ಟವಾಗಿದ್ದವು. ಚಂದತ್ತೆ ಅದನ್ನು ಬಾಳೆಲೆಯಲ್ಲಿ ಮಲಗಿಸಿದಳು, ಮೇಲೊಂದು ಬಿಳಿ ಬಟ್ಟೆ ಹೊದಿಸಿದಳು. ತಲೆಗೂದಲು ಬಿಚ್ಚಿ, ಎದೆ ಬಡಿದುಕೊಳ್ಳುತ್ತ, ಪೇಟೆಯ ನಡುವಿನಿಂದಲೇ ಭಾವನ ಮನೆಗೆ ಹೊರಟಳು. ಹಿಂದಿನಿಂದ ನಾವು ಕೆಲವರು ಸೇರಿಕೊಂಡೆವು. ಮಾವನ ಅಂಗಳ ತಲಪುವಾಗ ಅರ್ಧ ಊರು ಇತ್ತು.

"ಭಾವ, ನಿಮ್ಮ ಕಡೆಯವರೊಬ್ಬರು ಹೋಗಿಬಿಟ್ರು" ಎಂದು ಅವಳು ಎಲೆಯನ್ನು ಜಗಲಿಯ ಮೇಲಿಟ್ಟಳು. "ನಿನ್ನೆ ಸಂಜೆ ಕೂಡ ಗಟ್ಟಿ ಇದ್ದರಂತೆ. ಯಾರಿಗೂ ಒಂದು ಕೆಟ್ಟ ಮಾತು ಅಂದವರಲ್ಲ."

ಹೆಂಗಸರು ದನಿಗೂಡಿಸಿ ಅತ್ತರು. ಒಬ್ಬಳು ಸತ್ತವರ ಗುಣಗಾನ ಶುರುಮಾಡಿದಳು. ಎಷ್ಟು ತಾಳ್ಮೆ, ಎಷ್ಟು ಗಂಭೀರ, ಬಾಯಿ ತೆರೆದರೂ ಮಾತಿಲ್ಲ. ಮಾವ ಮೊದಲು ನಕ್ಕರು. ಆಮೇಲೆ ಬೈದರು. ಆಮೇಲೆ ಗುಂಪಿನ ಹಿಂದೆ ಕೋಲೂರಿ ನಿಂತಿದ್ದ ಐತಪ್ಪ ಗುರಿಕಾರರನ್ನು ಕಂಡು ಸುಮ್ಮನಾದರು. ಗುರಿಕಾರರೆಂದರೆ ಊರಿನ ಕಟ್ಟುಕಟ್ಟಳೆ ನೋಡುವ ಹಿರಿಯರು. ಅವರು ಹೇಳಿದ್ದನ್ನು ಮೀರಿದವರ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ.

ಗುರಿಕಾರರು ಮೀನಿನ ಮುಖ ನೋಡಿದರು, ಮಾವನ ಮುಖ ನೋಡಿದರು. "ಪುರಂದರ, ಇವರು ನಿನ್ನ ನೆಂಟರಾ ಅಲ್ವಾ? ಅಲ್ಲ ಅಂದ್ರೆ ನನಗೇನೂ ಅಡ್ಡಿಯಿಲ್ಲ. ಆದ್ರೆ ನೆಂಟರಲ್ಲದ ಮೀನಿಗೆ ಯಾರು ಬೇಕಾದ್ರೂ ಬಲೆ ಹಾಕ್ಬಹುದು."

ಮಾವನ ಒಳಗೆ ಲೆಕ್ಕ ಓಡುವುದು ಹುಬ್ಬಿನ ಮೇಲೇ ಕಾಣುತ್ತಿತ್ತು. "ನೆಂಟರೇ" ಅಂದರು ಕೊನೆಗೆ.

"ಹಾಗಾದ್ರೆ ಸೂತಕ ಹಿಡೀಬೇಕು. ಕ್ರಿಯೆ ಮಾಡ್ಬೇಕು. ಸತ್ತವರ ಹೆಸರಲ್ಲಿ ಊರಿಗೆ ಬೊಜ್ಜದ ಊಟ ಹಾಕ್ಬೇಕು."

ಒಂದು ಮೀನಿಗಾಗಿ ಒಂದು ಸೂತಕ ಅಷ್ಟೇ ತಾನೇ ಎಂದು ಮಾವ ಒಪ್ಪಿದರು. ಆಗ ಚಂದತ್ತೆ ಸೆರಗಿನಿಂದ ಮೂಗೊರಸಿಕೊಳ್ಳುತ್ತ, ಬಹಳ ಮೆಲ್ಲಗೆ, "ಗುರಿಕಾರ್ರೇ, ಪ್ರವಾಸಕ್ಕೆ ಹೋದವರ ಸುದ್ದಿ ಏನಾದ್ರೂ ಉಂಟಾ? ಐಸಿನ ಮೇಲೆ ಮಲಗಿ ಹೋದವರು. ಒಬ್ರೂ ವಾಪಸ್ ಬಂದದ್ದು ನಾನು ಕಾಣ್ಲಿಲ್ಲ" ಅಂದಳು. ಗುರಿಕಾರರು ಮಾವನ ಕಡೆ ತಿರುಗಿದರು. ಕಳಿಸಿದಷ್ಟು ಜನರಿಗೂ ಸೂತಕ ಹಿಡಿಯಬೇಕಾದೀತು ಎಂದು ಅಂದಿನಿಂದ ಲಾರಿಗಳು ನಿಂತವು.

ಬೊಜ್ಜದ ಊಟ ಭರ್ಜರಿಯಾಗಿತ್ತು. ಸೌತೆಕಾಯಿ ಹುಳಿ, ವಡೆ, ಕಡಲೆಬೇಳೆ ಪಾಯಸ. ಊರಿಗೆ ಊರೇ ಉಂಡು, ಸತ್ತವರ ಆತ್ಮಕ್ಕೆ ಶಾಂತಿ ಕೋರಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಯಿತು. ಚಂದತ್ತೆ ಎಣಿಸಿದ್ದು ಅಷ್ಟೇ. ಭಾವನಿಗೆ ಒಮ್ಮೆ ಬಿಸಿ ತಟ್ಟಿದರೆ ಇಳಿದು ಬರುತ್ತಾರೆ ಎಂದು. ಆದರೆ ಊರಿನ ನಾಲಗೆಗೆ ಪಾಯಸ ತಾಗಿತ್ತು.

ಮೊದಲ ಸೂತಕ ಕಳೆದ ಮರುದಿನವೇ ಎರಡನೆಯ ಶವ ಬಂತು. ಅದರ ಹಿಂದೆ ಮೂರನೆಯದು. ಯಾರು ಎಲ್ಲಿಂದ ತರುತ್ತಿದ್ದರೋ, ದಿನಕ್ಕೊಬ್ಬರು ಬಾಳೆಲೆ ಹಿಡಿದುಕೊಂಡು ಅಳುತ್ತ ಮಾವನ ಗೇಟಿನಲ್ಲಿ ನಿಲ್ಲುತ್ತಿದ್ದರು. ಕೆಲವು ಶವಗಳ ಹುಬ್ಬು ಮುಟ್ಟಿದರೆ ಕೈಗೆ ಮಸಿ ಹತ್ತುತ್ತಿತ್ತು. ಒಬ್ಬ ಒಣಮೀನನ್ನೇ ತಂದ. "ಇವರು ತೀರಿಕೊಂಡದ್ದು ಯಾವಾಗ?" ಎಂದು ಗುರಿಕಾರರು ಕೇಳಿದರೆ, "ಹೋದ ವರ್ಷ. ಸುದ್ದಿ ಈಗ ಮುಟ್ಟಿದ್ದು" ಅಂದ. ತಡವಾಗಿ ತಿಳಿದ ಸಾವಿಗೂ ಸ್ನಾನ ಉಂಟಲ್ಲ, ಮಾವ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದರು.

ಅದರಿಂದ ಚಂದತ್ತೆಗೆ ಬಂದ ಲಾಭವೇನು ಎಂದರೆ, ಏನೂ ಇಲ್ಲ. ದೊಡ್ಡ ಬೋಟುಗಳು ನಿಂತಿದ್ದವು ನಿಜ. ಆದರೆ ಸೂತಕದ ಮನೆಯವರನ್ನು ನೆಂಟರನ್ನು ಕಳಿಸಿ ಎಂದು ಕೇಳುವುದು ಹೇಗೆ? ಕೂಸಪ್ಪಣ್ಣನ ದೋಣಿ ದಡದಲ್ಲೇ ಉಳಿಯಿತು. ಅತ್ತೆಯ ಬುಟ್ಟಿ ಗೋಡೆಯ ಗೂಟದಲ್ಲಿ ಹಾಗೇ ನೇತಾಡಿತು. ಕೇರಿಯ ಬೆಕ್ಕುಗಳು ಬಡಕಲಾದವು. "ಸೌತೆಕಾಯಿ ಹುಳಿ ಉಂಡು ಉಂಡು ನಾಲಗೆ ಮರಗಟ್ಟಿತು ಮಾರಾಯ್ತಿ" ಎಂದು ಅವಳೇ ನನ್ನ ಹತ್ತಿರ ಅಂದಳು. ಅಷ್ಟಾದರೂ ಮರುದಿನ ಯಾರದೋ ಬೊಜ್ಜಕ್ಕೆ ಸೀರೆ ಬದಲಿಸಿ ಹೊರಟಳು. ಹೋಗದಿದ್ದರೆ ಅಕ್ಕ ಏನೆಂದುಕೊಂಡಾಳು ಎಂದು.

ಹೀಗಿರುವಾಗ ಪ್ರತಿಮಾ ನನ್ನ ಅಂಗಡಿಗೆ ಬಂದಳು. ಅವಳ ಮದುವೆಯ ರವಿಕೆಗೆ ತೋಳು ಹಚ್ಚಿ, ಅಳತೆ ನೋಡಲು ನಾನೇ ಹೇಳಿ ಕಳಿಸಿದ್ದೆ. ಅವಳು ಬಾಗಿಲ ಹೊರಗೆ ನಿಂತಳು. "ಸೂತಕ ಅತ್ತಿಗೆ, ಮುಟ್ಟಿದ್ರೆ ನಿಮಗೂ ಮೈಲಿಗೆ" ಅಂದಳು. ಚಂದತ್ತೆ ಒಳಗೆ ಸ್ಟೂಲಿನ ಮೇಲೆ ಕೂತು ನನ್ನ ದಾರದುಂಡೆ ಬಿಡಿಸಿಕೊಡುತ್ತಿದ್ದಳು.

"ಚಿಕ್ಕಮ್ಮ, ನೀವೂ ಇಲ್ಲೇ ಇದ್ದದ್ದು ಒಳ್ಳೆದಾಯ್ತು" ಅಂದಳು ಪ್ರತಿಮಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಹುಡುಗನ ಮನೆಯವರು ಘಟ್ಟದ ಮೇಲಿನವರು. ಮುಹೂರ್ತದ ದಿನ ಹುಡುಗಿಗೆ ಸೂತಕ ಇದ್ರೆ ಹೇಗೆ ಅಂತ ಕೇಳಿದ್ದಾರೆ. ಯಾರು ಸತ್ತದ್ದು ಅಂತ ಕೇಳಿದ್ರು. ಅಪ್ಪ ಹೇಳ್ಲಿಲ್ಲ. ಏನು ಅಂತ ಹೇಳುದು? ದಿನ ಮುಂದೆ ಹಾಕಿದ್ರೆ ಅವರು ಬೇರೆ ಕಡೆ ನೋಡ್ತಾರಂತೆ."

"ನಿನಗೆ ಹುಡುಗ ಇಷ್ಟವಾ?" ಚಂದತ್ತೆ ಕೇಳಿದಳು.

"ಇಷ್ಟ."

"ತುಂಬ?"

ಪ್ರತಿಮಾ ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದಳು. "ಅವರಿಗೂ ಮೀನು ಅಂದ್ರೆ ಆಸೆ ಚಿಕ್ಕಮ್ಮ. ಇಲ್ಲಿಗೆ ಬಂದ್ರೆ ತಿನ್ಬಹುದು ಅಂತ ಕಾಯ್ತಾ ಇದ್ದಾರೆ."

ಅವಳು ಹೋದ ಮೇಲೆ ಅತ್ತೆ ದಾರದುಂಡೆಯನ್ನು ಬಿಡಿಸಿದ್ದಕ್ಕಿಂತ ಹೆಚ್ಚು ಸಿಕ್ಕು ಮಾಡಿದಳು. ನಾನು ಕಸಿದುಕೊಂಡೆ. "ನಾನು ಬೆಂಕಿ ಕೊಟ್ಟದ್ದು ಬೀಡಿಗೆ, ಹತ್ತಿದ್ದು ಚಪ್ಪರಕ್ಕೆ" ಅಂದಳು. ಆಮೇಲೆ ಮುಖ ತೊಳೆದುಕೊಂಡು ಅಕ್ಕನ ಮನೆಗೆ ಹೊರಟಳು. ಒಬ್ಬಳೇ ಹೋಗಲು ಅವಳಿಗೆ ಮನಸ್ಸಿರಲಿಲ್ಲ ಎಂದು ಕಾಣುತ್ತದೆ, ಅಂಗಡಿಗೆ ಬೀಗ ಹಾಕುವವರೆಗೂ ಕಾದು ನನ್ನನ್ನೂ ಕರೆದುಕೊಂಡು ಹೋದಳು.

ಮಾವ ಹಿತ್ತಲಿನಲ್ಲಿ ತೆಂಗಿನ ಬುಡದಲ್ಲಿ ಕೂತಿದ್ದರು. ಗಡ್ಡ ಬೆಳೆದು, ಎಣ್ಣೆ ಕಾಣದ ತಲೆ ಕೆದರಿ, ನಾವು ಕಂಡರಿಯದ ಮನುಷ್ಯ. ಎದುರಿಗೆ ಬಾಳೆಲೆಯಲ್ಲಿ ಅಂದಿನ ಶವ. ಚಂದತ್ತೆ ಕಳ್ಳ ಹುಬ್ಬು ಹೌದೋ ಅಲ್ಲವೋ ಎಂದು ಬಗ್ಗಿ ನೋಡಿದಳು. ಮಸಿಯಲ್ಲ, ನಿಜವಾದದ್ದೇ. ಸಣ್ಣ ಕೆಂಬೇರಿ.

"ಭಾವ, ಒಂದು ಮಾತು ಹೇಳ್ಬೇಕಿತ್ತು" ಎಂದು ಅವಳು ಶುರುಮಾಡಿದಳು.

"ಚಂದು, ಇವನನ್ನು ಸ್ವಲ್ಪ ನೋಡು" ಅಂದರು ಮಾವ. "ಈ ಗಲ್ಲ ನೋಡು. ಬಾಯಿ ಸ್ವಲ್ಪ ಎಡಕ್ಕೆ ಉಂಟಲ್ಲ. ನನ್ನ ಅಪ್ಪನದು ಹೀಗೇ ಇತ್ತು. ನಿನಗೆ ನೆನಪುಂಟಾ?"

"ಇಲ್ಲದೆ ಏನು. ಅಕ್ಕನ ಮದುವೆಯಲ್ಲಿ ನನಗೆ ಒಂದು ಇಡೀ ಬಾಳೆಗೊನೆ ಹೊರಿಸಿದ್ದು ಅವರೇ ಅಲ್ವಾ."

"ಅಪ್ಪ ಕೂಸಪ್ಪನ ಅಪ್ಪನ ದೋಣಿಯಲ್ಲಿ ಹೋಗ್ತಿದ್ದದ್ದು. ಅವರ ಫೋಟೋ ಒಂದೂ ಇಲ್ಲ ನಮ್ಮ ಹತ್ರ. ನಾನು ಮುಖ ಮರ್ತೇಬಿಟ್ಟಿದ್ದೆ." ಅವರು ಮೀನಿನ ಮೇಲೆ ಕೂತ ನೊಣವನ್ನು ಕೈಬೀಸಿ ಓಡಿಸಿದರು. "ಇಷ್ಟು ದಿನ ಲಾರಿಗೆ ತುಂಬಿಸಿದೆನಲ್ಲ, ಒಂದು ದಿನ ಮುಖ ನೋಡ್ಲಿಲ್ಲ. ಈಗ ದಿನಾ ಎದುರಿಗೆ ತಂದು ಮಲಗಿಸ್ತೀರಿ, ನೋಡದೆ ಏನು ಮಾಡ್ಲಿ? ನೀನು ನನ್ನನ್ನು ಆಟ ಆಡಿಸಿದ್ದು ಅಂತ ನನಗೆ ಮೊದಲನೇ ದಿನವೇ ಗೊತ್ತುಂಟು."

ಒಳಗಿನಿಂದ ಇಂದಿರತ್ತೆ ಮೂರು ಲೋಟ ಚಹಾ ತಂದಿಟ್ಟು, "ಹಾಲು ಹಾಕ್ಲಿಲ್ಲ, ಸೂತಕ" ಎಂದು ತಂಗಿಯನ್ನು ಒಂದು ಥರ ನೋಡಿ ಹೋದಳು. ಅತ್ತೆ ಅದನ್ನು ಕುಡಿದು ಲೋಟ ಕೆಳಗಿಟ್ಟಳು.

"ಭಾವ, ದತ್ತು ಕೊಟ್ಟ ಮಗನಿಗೆ ಹುಟ್ಟಿದ ಮನೆಯ ಸೂತಕ ಉಂಟಾ?"

"ಇಲ್ಲ. ಅವನು ಆ ಮನೆಯವನೇ ಆಗ್ತಾನೆ."

"ಇವರನ್ನೂ ದತ್ತು ಕೊಡಿ. ಊರಿಗೇ ಕೊಡಿ. ಮನೆಮನೆಗೆ ಹಂಚಿ. ಪ್ರತಿಮಾಳ ಮದುವೆ ಆಗ್ತದೆ, ಕೂಸಪ್ಪಣ್ಣನ ದೋಣಿಯೂ ಹೊರಡ್ತದೆ."

"ಕೊಟ್ರೆ ಮುಖ ಬದಲಾಗ್ತದೆ ಅವರದ್ದು."

"ಆಗ್ತದೆ."

"ಮತ್ತೆ ನನ್ನವರು ಅಂತ ಯಾರು ಉಳೀತಾರೆ ಅಲ್ಲಿ?"

"ಪ್ರತಿಮಾಳನ್ನು ಕೊಡ್ಲಿಕ್ಕೆ ಹೊರಟವರು ನೀವು. ಮೀನಿಗೆ ಅಳ್ತೀರಾ?"

ಇದು ಸ್ವಲ್ಪ ಜೋರಾಯಿತು ಎಂದು ನನಗನಿಸಿತು. ಮಾವ ಎದ್ದು, ಆ ಸಣ್ಣ ಕೆಂಬೇರಿಯನ್ನು ಎಲೆಸಹಿತ ಎತ್ತಿಕೊಂಡು ತೆಂಗಿನ ಬುಡದಲ್ಲಿ ತಾವೇ ಗುಂಡಿ ತೋಡತೊಡಗಿದರು. ಗುಂಡಿ ಮುಚ್ಚಿ ಕೈಯ ಮಣ್ಣು ಕೊಡವುತ್ತ, "ಗುರಿಕಾರರಿಗೆ ನೀನೇ ಹೇಳು. ನನ್ನ ಬಾಯಿಂದ ಬೇಡ" ಅಂದರು.

ಗುರಿಕಾರರಿಗೂ ಪಾಯಸ ಸಾಕಾಗಿತ್ತು. ಒಳ್ಳೆಯ ದಿನ ನೋಡಿದರು. ಬೆಳಗ್ಗೆ ಗಾಳಿಯಿಲ್ಲದೆ ಕಡಲು ಎಣ್ಣೆ ಸವರಿದ ಹಾಗಿರುವಾಗ ಊರಿನ ದೋಣಿಗಳೆಲ್ಲ ಗುಜರಿಪಾದೆಯ ಮೇಲೆ ಸೇರಿದವು. ಪ್ರತಿ ಮನೆಯವರೂ ಹೊಸದಾಗಿ ಒಂದೊಂದು ಸಾಮಾನು ತಂದಿದ್ದರು. ಕಾಲು ಮುರಿದ ಕಬ್ಬಿಣದ ಕುರ್ಚಿ, ಸಿಮೆಂಟಿನ ನೀರು ತೊಟ್ಟಿ, ಅಂತೋನಿಯ ಮತ್ತೊಂದು ರಿಕ್ಷಾದ ಚೌಕಟ್ಟು. ಮಾವನ ಬೋಟಿನಿಂದ ಹಗ್ಗದ ಏಣಿ ಇಳಿಸಿ, ಮುಳುಗುವವರು ಅವರ ಟ್ಯಾಂಕುಗಳ ಬಾಗಿಲ ಬದಿಯಲ್ಲೇ ಅವನ್ನೆಲ್ಲ ಜೋಡಿಸಿದರು. ಒಂದೊಂದು ಮನೆಯ ಹೆಸರು ಕೂಗಿದಾಗಲೂ ಮಾವ ಗಿಂಡಿಯಿಂದ ಧಾರೆ ಎರೆದರು. ಕಡಲಿಗೆ ನೀರು ಹೊಯ್ದು ಕೊಟ್ಟದ್ದು ಲೋಕದಲ್ಲಿ ಅವರೊಬ್ಬರೇ ಇರಬೇಕು. ಗಿಂಡಿ ಖಾಲಿಯಾದಾಗ ಬಗ್ಗಿ ಅದೇ ನೀರನ್ನು ತುಂಬಿಸಿಕೊಂಡು ಮತ್ತೆ ಎರೆದರು. ಕೊಟ್ಟೆ ಎಂದು ಅವರು ಅನ್ನುವುದು, ಸಿಕ್ಕಿತು ಎಂದು ನಾವು ಅನ್ನುವುದು. ನೀರು ತಿಳಿಯಾಗಿತ್ತು. ಮೀನುಗಳು ಹಿಂಡು ಹಿಂಡಾಗಿ ಹೊಸ ಮನೆಗಳನ್ನು ಮೂಸಿ ನೋಡುವುದು ಮೇಲಿನಿಂದಲೇ ಕಾಣುತ್ತಿತ್ತು. ಕೆಲವು ಹೋದವು, ಕೆಲವು ಹೋಗಿ ವಾಪಸು ಬಂದು ಮತ್ತೆ ಹೋದವು, ಸೊಸೆಯಂದಿರ ಹಾಗೆ.

ಒಬ್ಬ ಮಾತ್ರ ಅಲುಗಲಿಲ್ಲ. ಟ್ಯಾಂಕಿನ ಬಾಯಲ್ಲಿ ದೊಡ್ಡ ಮುರುಮೀನೊಂದು ಕೂತಿತ್ತು. ಹುಬ್ಬು ಹೆಣೆದುಕೊಂಡು, ಗಲ್ಲ ಇಳಿಬಿಟ್ಟು, ಥೇಟು ಮಾವ ಪೇಪರು ಓದುವ ಭಂಗಿ. ಯಾರ ಮನೆಯ ಸಾಮಾನು ತೋರಿಸಿದರೂ ಅದಕ್ಕೆ ಬೇಡ. ಅದೊಂದು ಉಳಿದರೂ ಸೂತಕದ ಬಾಗಿಲು ತೆರೆದೇ ಉಳಿದ ಹಾಗೆ ಎಂದು ಗುರಿಕಾರರು ಕೋಲು ಕುಟ್ಟಿದರು. ಮಾವ ಯಾರ ಮುಖವನ್ನೂ ನೋಡದೆ, "ಇವನೊಬ್ಬ ಇರ್ಲಿ ಬಿಡಿ" ಅಂದರು. ದೋಣಿಗಳಲ್ಲಿ ಗುಜುಗುಜು ಎದ್ದಿತು.

ಚಂದತ್ತೆ ಅಲ್ಲಿಯವರೆಗೆ ಪಾದೆಗೆ ಒಂದು ಚಮಚವನ್ನೂ ಹಾಕಿದವಳಲ್ಲ. ಮಾರುವವಳಿಗೆ ನೆಂಟರಿದ್ದರೆ ವ್ಯಾಪಾರ ಕೆಡುತ್ತದೆ ಅನ್ನುತ್ತಿದ್ದಳು. ಆ ದಿನ ಮಾತ್ರ ದೋಣಿಯಲ್ಲಿ ಅವಳ ಕಾಲ ಬಳಿ ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಮದುವೆಯಾಗಿ ಬರುವಾಗ ತಂದದ್ದು, ಮುಚ್ಚಳ ಕಿತ್ತು ಹೋದದ್ದು. ಕೂಸಪ್ಪಣ್ಣನ ಕೈಯಲ್ಲಿ ಅದನ್ನು ಹಗ್ಗ ಕಟ್ಟಿ ಇಳಿಸಿದಳು. ಮುರುಮೀನು ಪೆಟ್ಟಿಗೆಯನ್ನು ಬಹಳ ಹೊತ್ತು ದಿಟ್ಟಿಸಿತು. ಸುತ್ತ ಒಂದು ಸುತ್ತು ಬಂದಿತು. ಆಮೇಲೆ ಮಾವ ತಮ್ಮ ಕಾರನ್ನು ಶೆಡ್ಡಿಗೆ ಸೇರಿಸುವ ಹಾಗೆ ನಿಧಾನಕ್ಕೆ ಹಿಮ್ಮುಖವಾಗಿ ಒಳಗೆ ಹೋಗಿ ಕೂತಿತು.

"ಎರೀರಿ ಭಾವ" ಅಂದಳು ಚಂದತ್ತೆ.

ಮಾವ ಎರೆದರು. ಸ್ವಲ್ಪ ನೀರು ಅವರ ಪಂಚೆಯ ಮೇಲೂ ಬಿತ್ತು.

ಮದುವೆ ನಿಗದಿಯಾದ ಮುಹೂರ್ತಕ್ಕೇ ಆಯಿತು. ರವಿಕೆಯ ತೋಳು ಕೊಂಚ ಬಿಗಿಯಾಗಿದ್ದದ್ದನ್ನು ಬಿಟ್ಟರೆ ಏನೂ ಕೊರತೆಯಾಗಲಿಲ್ಲ. ಇನ್ನುಳಿದದ್ದು ಬೀಗರ ಔತಣ. ಘಟ್ಟದ ಮೇಲಿನಿಂದ ಬರುವ ಅಳಿಯನ ಕಡೆಯವರಿಗೆ ಮೀನೂಟ ಹಾಕಬೇಕು. ಐಸ್ ಪ್ಲಾಂಟಿನಲ್ಲಿ ಐಸಿತ್ತು, ಮೀನಿರಲಿಲ್ಲ. ಪಾದೆಯಲ್ಲಿ ಮಾವನ ನೆಂಟರು ಎನ್ನುವವರು ಒಬ್ಬರೂ ಉಳಿದಿರಲಿಲ್ಲ.

ಔತಣದ ಹಿಂದಿನ ದಿನ ಬೆಳಗ್ಗೆ ನಾನು ಚಂದತ್ತೆಯ ಮನೆಯಲ್ಲಿದ್ದೆ. ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಪುರಂದರ ಮಾವ. ಕಾರು ತಂದಿರಲಿಲ್ಲ. ಊರಿನಲ್ಲಿ ಎಷ್ಟೋ ಅಂಗಳಗಳನ್ನು ಹತ್ತಿಳಿದು ಬಂದಿದ್ದರು ಎಂದು ಕಾಲಿನ ಧೂಳೇ ಹೇಳುತ್ತಿತ್ತು. ಆ ಬೆಳಗ್ಗಿನವರೆಗೆ ಅವರು ಯಾರ ಅಂಗಳದಲ್ಲೂ ಹಾಗೆ ನಿಂತವರಲ್ಲ, ಆದ್ದರಿಂದ ಕೈಯನ್ನು ಹಿಂದೆ ಕಟ್ಟಬೇಕೋ ಮುಂದೆ ಕಟ್ಟಬೇಕೋ ತಿಳಿಯದೆ ಎರಡನ್ನೂ ಮಾಡಿ ನೋಡಿದರು.

"ಚಂದು" ಅಂದರು. "ನಿನ್ನ ಕಡೆಯವರು ನಾಲ್ಕು ಜನರನ್ನು ಕರ್ಕೊಂಡು ಹೋಗ್ತೇನೆ."

ಚಂದತ್ತೆ ಅವರನ್ನು ಕೂರಿಸಿದಳು. ಬೆಲ್ಲ, ನೀರು ಕೊಟ್ಟಳು. ಬೀಗರು ಎಷ್ಟು ಜನ, ಅಳಿಯನಿಗೆ ಖಾರ ಆಗುತ್ತದಾ, ಚಪ್ಪರ ಯಾರು ಹಾಕುವುದು ಎಂದೆಲ್ಲ ಕೇಳಿದಳು. ಮಾವ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ಮಾವ ಬೆವರು ಒರೆಸಿಕೊಂಡರು. ಕೊನೆಗೆ ಅವಳು, "ಹೋಗಿ ಬರ್ಲಿ. ಪೆಟ್ಟಿಗೆ ಹತ್ರ ಈಗ ಸುಮಾರು ಜನ ಸೇರಿದ್ದಾರೆ, ಬೇಕಾದಷ್ಟು ಕರ್ಕೊಂಡು ಹೋಗಿ. ಆ ದೊಡ್ಡವನನ್ನು ಮಾತ್ರ ಬಿಡಿ. ಅವನಿಗೆ ಸ್ವಲ್ಪ ಹುಷಾರಿಲ್ಲ" ಅಂದಳು.

ಮಾವ ಎದ್ದವರು ಹಾಗೇ ನಿಂತರು. "ಎಂತ ಆಗಿದೆ ಅವನಿಗೆ?"

"ಏನಿಲ್ಲ. ಮನೆ ಬದಲಾಯ್ತಲ್ಲ. ಈಗ ಪೆಟ್ಟಿಗೆಯಿಂದ ಹೊರಗೆ ಬಂದು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸ್ತಾನಂತೆ, ಕೂಸಪ್ಪಣ್ಣ ಹೇಳಿದ." ಅವಳು ಬುಟ್ಟಿಯನ್ನು ಗೂಟದಿಂದ ಇಳಿಸಿ ಧೂಳು ಕೊಡವಿದಳು. "ಮತ್ತೆ ಹುಬ್ಬು ಉದುರ್ತಾ ಉಂಟಂತೆ."

ಮಾವನ ಕೈ ತಾನಾಗಿಯೇ ಅವರ ಹಣೆಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಾವಿಬ್ಬರೂ ನೋಡುತ್ತಿರುವುದು ಗೊತ್ತಾಗಿ, ಬಿಸಿಲಿಗೆ ಕೈ ಅಡ್ಡ ಹಿಡಿದವರಂತೆ ಮಾಡಿ, ಅಂಗಳ ದಾಟಿ ಹೋದರು.